ನೆನಪು ಎತ್ತಿಡುವಾಗ ಮನಸ್ಸೂ ಮುರಿಯದ ಹಾಗೆ: ದಕ್ಷಿಣ ಆಫ್ರಿಕಾದ ಜನ ಕಲಿತದ್ದು

ಮೊಬೈಲ್ ಬಂದ ಮೇಲೆ ಹಿರಿಯರ ನೆನಪು ರೆಕಾರ್ಡ್ ಮಾಡುವುದು ಯಾರು ಬೇಕಾದರೂ ಮಾಡಬಹುದಾದ ಕೆಲಸವಾಗಿದೆ. ಒಂದು ಸ್ಟ್ಯಾಂಡ್, ಕಾಲರಿಗೆ ಸಿಕ್ಕಿಸುವ ಮೈಕು, ಒಂದು ಯೂಟ್ಯೂಬ್ ಚಾನೆಲ್ ಇದ್ದರೆ ಸಾಕು. ಹಾಡು, ಜಾತ್ರೆ, ಅಡುಗೆ, ಊರಿನ ಪುರಾಣ ಎಲ್ಲ ದಾಖಲಾಗುತ್ತಿದೆ. ಒಳ್ಳೆಯದೇ. ಆದರೆ ಹಿರಿಯರ ಹತ್ತಿರ ಇರುವುದು ಬರೀ ಹಾಡು, ಅಡುಗೆ ಅಲ್ಲವಲ್ಲ. ಮುಳುಗಡೆಯಾದ ಊರು, ಸತ್ತುಹೋದ ಮಗು, ಹಸಿವು, ಯಾರೋ ಮಾಡಿದ ಅವಮಾನ, ಇವೂ ಮಾತಿನ ನಡುವೆ ಎದ್ದು ಬರುತ್ತವೆ. ಎದುರಿಗೆ ಕೂತವರು ಅಳಲು ಶುರು ಮಾಡಿದರೆ ಕ್ಯಾಮೆರಾ ನಿಲ್ಲಿಸಬೇಕಾ, ಬೇಡವಾ? ನಮ್ಮಲ್ಲಿ ಹೆಚ್ಚಿನವರಿಗೆ ಇದನ್ನು ಯಾರೂ ಹೇಳಿಕೊಟ್ಟಿಲ್ಲ.

ಈ ಪ್ರಶ್ನೆಯನ್ನು ಬಹಳ ಹಿಂದೆಯೇ, ಬಹಳ ಕಷ್ಟದ ದಿನಗಳಲ್ಲಿ ಎದುರಿಸಿದವರು ದಕ್ಷಿಣ ಆಫ್ರಿಕಾದ ಜನ. ಅವರು ಕಂಡುಕೊಂಡ ದಾರಿಗಳನ್ನು ಒಂದೊಂದಾಗಿ ನೋಡೋಣ.

ಸರ್ಕಾರದ ದಾಖಲೆ, ಸಮುದಾಯದ ದಾಖಲೆ

ಆರ್ಕೈವ್ ಅಂದರೆ ಮುಂದೆ ಬೇಕಾಗಬಹುದು ಅಂತ ಜೋಪಾನವಾಗಿ ಎತ್ತಿಟ್ಟ ದಾಖಲೆಗಳ ಸಂಗ್ರಹ. ಕಾಗದಪತ್ರ, ಫೋಟೋ, ಧ್ವನಿ, ವಸ್ತು ಏನು ಬೇಕಾದರೂ ಅದರಲ್ಲಿ ಇರಬಹುದು. ಸಾಮಾನ್ಯವಾಗಿ ಇದನ್ನು ಸರ್ಕಾರವೋ ವಿಶ್ವವಿದ್ಯಾಲಯವೋ ನಡೆಸುತ್ತದೆ. ಯಾವುದನ್ನು ಇಡಬೇಕು, ಯಾವುದನ್ನು ಬಿಡಬೇಕು ಅಂತ ತೀರ್ಮಾನ ಮಾಡುವವರೂ ಅವರೇ.

ಸಮುದಾಯದ ಆರ್ಕೈವ್‌ನಲ್ಲಿ ಆ ತೀರ್ಮಾನ ಜನರದ್ದು. ಯಾರ ಬದುಕೋ ಅವರೇ ಸಂಗ್ರಹಿಸುತ್ತಾರೆ, ಅವರೇ ಹೆಸರು ಕೊಡುತ್ತಾರೆ, ಯಾರಿಗೆ ತೋರಿಸಬೇಕು ಅಂತ ಹೇಳುವವರೂ ಅವರೇ.

ಬಿಳಿಯರೇ ಆಳುತ್ತಿದ್ದ ವರ್ಣಭೇದದ ಕಾಲದಲ್ಲಿ ದಕ್ಷಿಣ ಆಫ್ರಿಕಾ ಸರ್ಕಾರದ ಹತ್ತಿರ ಕಪ್ಪು ಜನರ ಬಗ್ಗೆ ಕಾಗದಕ್ಕೇನೂ ಕೊರತೆ ಇರಲಿಲ್ಲ. ಯಾರು ಯಾವ ಜನಾಂಗ, ಯಾರು ಎಲ್ಲಿ ಓಡಾಡಬಹುದು, ಯಾರ ಮೇಲೆ ಪೊಲೀಸರ ಕಣ್ಣಿದೆ, ಎಲ್ಲ ಬರೆದಿಟ್ಟಿದ್ದರು. ಇರದಿದ್ದದ್ದು ಆ ಜನರ ಮಾತು. ಸಾಲದ್ದಕ್ಕೆ, ಅಧಿಕಾರ ಕೈತಪ್ಪುವುದು ಖಚಿತವಾದಾಗ ತಮ್ಮ ಮೇಲೆ ಬರಬಹುದಾದ ಕಾಗದಗಳನ್ನೇ ನಾಶ ಮಾಡಿದರು. 1993ರಲ್ಲಿ ರಾಷ್ಟ್ರೀಯ ಗುಪ್ತಚರ ಇಲಾಖೆಯೊಂದೇ ಸುಮಾರು 44 ಟನ್ ದಾಖಲೆ ನಾಶ ಮಾಡಿತು ಅಂತ ಆಮೇಲೆ, ಆ ಕಾಲದ ದೌರ್ಜನ್ಯಗಳನ್ನು ವಿಚಾರಿಸಿದ ಸತ್ಯ ಮತ್ತು ಸಾಮರಸ್ಯ ಆಯೋಗದ ವರದಿಯಲ್ಲಿ ಬಯಲಾಯಿತು. ಕಾಗದ ಹೋದ ಮೇಲೆ ಉಳಿದದ್ದು ಜನರ ನೆನಪು ಮಾತ್ರ. ಆ ನೆನಪಾದರೋ ನೋವಿನಲ್ಲಿ ಅದ್ದಿದ್ದು. ಇತಿಹಾಸದ ಕೆಲಸಕ್ಕೆ ಮನಸ್ಸಿನ ಆರೋಗ್ಯದ ಕೆಲಸವೂ ಬಂದು ಸೇರಿಕೊಂಡದ್ದು ಹೀಗೆ.

ನೆಲದ ಮೇಲೊಂದು ನಕ್ಷೆ

ಕೇಪ್ ಟೌನ್‌ನ ನಡುಭಾಗಕ್ಕೆ ಅಂಟಿಕೊಂಡಂತೆ ಡಿಸ್ಟ್ರಿಕ್ಟ್ ಸಿಕ್ಸ್ ಅಂತ ಒಂದು ಬಡಾವಣೆ ಇತ್ತು. 1867ರಲ್ಲಿ ನಗರದ ಆರನೇ ಮುನ್ಸಿಪಲ್ ವಿಭಾಗ ಅಂತ ಗುರುತಿಸಿದ್ದರಿಂದ ಬಂದ ಹೆಸರು. ಬಿಡುಗಡೆಯಾದ ಗುಲಾಮರ ಸಂತತಿ, ಮಲಯ್ ಮೂಲದ ಮುಸ್ಲಿಮರು, ಯಹೂದಿಗಳು, ಷೋಸಾ ಭಾಷೆಯವರು, ಭಾರತದಿಂದ ಹೋದವರು ಎಲ್ಲ ಅಕ್ಕಪಕ್ಕದಲ್ಲೇ ಬದುಕಿದ ಜಾಗ. 1966ರ ಫೆಬ್ರವರಿ 11ರಂದು ಸರ್ಕಾರ ಇದು ಬಿಳಿಯರಿಗೆ ಮಾತ್ರ ಅಂತ ಘೋಷಿಸಿತು. 1980ರ ದಶಕದ ಶುರುವಿನ ಹೊತ್ತಿಗೆ 60,000ಕ್ಕೂ ಹೆಚ್ಚು ಜನರನ್ನು ಎಬ್ಬಿಸಿ, ಊರಾಚೆಯ ಕೇಪ್ ಫ್ಲಾಟ್ಸ್ ಎಂಬ ಮರಳು ಬಯಲಿಗೆ ಸಾಗಿಸಿ ಆಗಿತ್ತು. ಮನೆಗಳ ಮೇಲೆ ಬುಲ್ಡೋಜರ್ ಹರಿಯಿತು. ಚರ್ಚು, ಮಸೀದಿ ಬಿಟ್ಟರೆ ಬೇರೇನೂ ಹೆಚ್ಚಿಗೆ ಉಳಿಯಲಿಲ್ಲ.

ಹಾಗೆ ಉಳಿದ ಹಳೆಯ ಮೆಥಡಿಸ್ಟ್ ಚರ್ಚ್ ಒಂದರಲ್ಲಿ 1994ರ ಡಿಸೆಂಬರ್‌ನಲ್ಲಿ ಡಿಸ್ಟ್ರಿಕ್ಟ್ ಸಿಕ್ಸ್ ಮ್ಯೂಸಿಯಂ ಶುರುವಾಯಿತು. ಅದರ ನೆಲದ ಮೇಲೆ ಇಡೀ ಬಡಾವಣೆಯ ನಕ್ಷೆ ಬಿಡಿಸಿ ಹಾಸಿದ್ದಾರೆ. ಅಲ್ಲಿ ಬದುಕಿದ್ದವರು ಬಂದು, ಮಂಡಿಯೂರಿ, ತಮ್ಮ ಮನೆ ಎಲ್ಲಿತ್ತು ಅಂತ ಹುಡುಕಿ, ಆ ಜಾಗದಲ್ಲಿ ತಮ್ಮ ಹೆಸರು ಬರೆಯುತ್ತಾರೆ. ಪಕ್ಕದಲ್ಲಿ ಬಿಳಿ ಬಟ್ಟೆಯ ಸುರುಳಿ ಇರುತ್ತದೆ. ಬಂದವರು ಅದರ ಮೇಲೆ ಪೆನ್ನಿನಲ್ಲಿ ಒಂದೆರಡು ಸಾಲು ಬರೆಯುತ್ತಾರೆ. ಆಮೇಲೆ ಆ ಅಕ್ಷರದ ಮೇಲೆಯೇ ದಾರದಲ್ಲಿ ಕಸೂತಿ ಹಾಕಲಾಗುತ್ತದೆ. ಮೇಲಿನಿಂದ ಹಳೆಯ ಬೀದಿಗಳ ನೀಲಿ ಫಲಕಗಳು ಇಳಿಬಿದ್ದಿವೆ. ಅವು ಉಳಿದ ಕಥೆಯೇ ವಿಚಿತ್ರ. ಮನೆ ಕೆಡವುವ ತಂಡದಲ್ಲಿದ್ದ ಮೇಸ್ತ್ರಿಯೊಬ್ಬರು ಅವನ್ನೆಲ್ಲ ಎಸೆಯಬೇಕಿತ್ತು. ಎಸೆಯದೆ ಗುಟ್ಟಾಗಿ ಇಟ್ಟುಕೊಂಡಿದ್ದರು. ಮ್ಯೂಸಿಯಂ ಬಂದ ಮೇಲೆ ಹೊರಗೆ ತೆಗೆದರು. ಕೆಡವಿದವರ ಮನಸ್ಸಲ್ಲೂ ಏನೋ ಒಂದು ಕೊರೆಯುತ್ತಿತ್ತು ಅಂತ ಕಾಣುತ್ತದೆ.

ಇಲ್ಲಿ ಗಮನಿಸಬೇಕಾದದ್ದು ಕೆಲಸದ ಕ್ರಮ. ಮ್ಯೂಸಿಯಂ ಯಾರನ್ನೂ ‘ನಿಮ್ಮನ್ನು ಹೊರಗೆ ಹಾಕಿದ ದಿನ ಏನಾಯಿತು ಹೇಳಿ’ ಅಂತ ಶುರು ಮಾಡುವುದಿಲ್ಲ. ನಕ್ಷೆಯ ಮುಂದೆ ನಿಂತವರು ಮೊದಲು ಹುಡುಕುವುದು ಬೀದಿ. ಆಮೇಲೆ ಹ್ಯಾನೋವರ್ ಸ್ಟ್ರೀಟಿನ ಅಂಗಡಿ, ಮೀನು ಮಾರ್ಕೆಟ್, ಸಿನಿಮಾ ಟಾಕೀಸು, ಜೊತೆಗೆ ಆಡಿದ ಹುಡುಗರು. ಹೊರದಬ್ಬಿದ ಕಥೆ ಬಂದರೆ ಬರುತ್ತದೆ, ಅದೂ ಹೇಳುವವರಿಗೆ ಬೇಕಾದಾಗ. ಅಕ್ಕಪಕ್ಕ ನಿಂತವರೂ ಅದೇ ಬೀದಿಯವರಾದ್ದರಿಂದ ಏನನ್ನೂ ಬಿಡಿಸಿ ಹೇಳುವ ಅಗತ್ಯ ಇರುವುದಿಲ್ಲ.

ಅಲ್ಲಿ ಗೈಡ್ ಆಗಿದ್ದ ಹಳೆಯ ನಿವಾಸಿಯೊಬ್ಬರು ಬಂದವರಿಗೆಲ್ಲ ತಮ್ಮ ಪಾರಿವಾಳಗಳ ಕಥೆ ಹೇಳುತ್ತಿದ್ದರು. ಮನೆ ಬಿಡಬೇಕಾದಾಗ ಸಾಕಿದ ಪಾರಿವಾಳಗಳನ್ನೂ ಹೊಸ ಜಾಗಕ್ಕೆ ಕರೆದೊಯ್ದರು. ಕೆಲವು ತಿಂಗಳು ಗೂಡಿನಲ್ಲೇ ಇಟ್ಟು, ಹೊಸ ಮನೆ ರೂಢಿಯಾಗಿರಬಹುದು ಅಂತ ಒಂದು ದಿನ ಬಿಟ್ಟರು. ಸಂಜೆಗೆ ಒಂದೂ ವಾಪಸ್ ಬರಲಿಲ್ಲ. ಮಾರನೆಯ ದಿನ ಹಳೆಯ ಜಾಗದ ಕಡೆ ಹೋದರೆ, ಕೆಡವಿ ಹಾಕಿದ ಮನೆಯ ಖಾಲಿ ನಿವೇಶನದ ಮೇಲೆ ಅಷ್ಟೂ ಕೂತಿದ್ದವು. ಇಡೀ ಒಕ್ಕಲೆಬ್ಬಿಸುವಿಕೆಯ ನೋವು ಈ ಕಥೆಯಲ್ಲಿದೆ, ಆದರೆ ಅದನ್ನು ಹೊತ್ತಿರುವುದು ಪಾರಿವಾಳ. ಎಷ್ಟು ಬಿಚ್ಚಬೇಕು, ಎಷ್ಟು ಮುಚ್ಚಿಡಬೇಕು ಅನ್ನುವುದನ್ನು ಹೇಳುವವರೇ ಆರಿಸಿಕೊಂಡರೆ ನೆನಪು ಹೀಗೂ ಹೊರಬರುತ್ತದೆ.

ಎಲ್ಲ ಹೇಳಿಕೊಂಡರೆ ಮನಸ್ಸು ಹಗುರ ಆಗುತ್ತಾ?

‘ಒಳಗೆ ಇಟ್ಕೋಬೇಡ, ಹೇಳಿಬಿಡು, ಹಗುರ ಆಗುತ್ತೆ’ ಅಂತ ನಾವೆಲ್ಲ ಹೇಳುತ್ತೇವೆ. ಸಾಮಾನ್ಯ ದುಃಖಕ್ಕೆ ಇದು ಸರಿಯೇ. ಆಘಾತದ ನೆನಪು ಸ್ವಲ್ಪ ಬೇರೆ. ಹಿಂಸೆ, ಸಾವು, ಅತ್ಯಾಚಾರದಂಥ ಘಟನೆಗಳ ನೆನಪು ಕೆಲವರಲ್ಲಿ ‘ಆಗ ಆಯಿತು’ ಅಂತ ಬರುವುದಿಲ್ಲ, ‘ಈಗ ಆಗುತ್ತಿದೆ’ ಅನ್ನುವ ಹಾಗೆ ಬರುತ್ತದೆ. ಎದೆ ಹೊಡೆದುಕೊಳ್ಳುತ್ತದೆ, ಬೆವರು ಬರುತ್ತದೆ, ನಿದ್ದೆ ಹತ್ತುವುದಿಲ್ಲ. ಹೆಚ್ಚಿನವರಿಗೆ ಕಾಲ ಕಳೆದಂತೆ ಇದು ಕಡಿಮೆಯಾಗುತ್ತದೆ. ಕೆಲವರಿಗೆ ಆಗುವುದಿಲ್ಲ, ಅವರಿಗೆ ಚಿಕಿತ್ಸೆ ಬೇಕು.

ದಕ್ಷಿಣ ಆಫ್ರಿಕಾದಲ್ಲಿ ಈ ಪ್ರಶ್ನೆ ಇಡೀ ದೇಶದ ಮುಂದೆ ಬಂತು. 1996ರ ಏಪ್ರಿಲ್‌ನಲ್ಲಿ ಆರ್ಚ್‌ಬಿಷಪ್ ಡೆಸ್ಮಂಡ್ ಟುಟು ಅಧ್ಯಕ್ಷತೆಯ ಸತ್ಯ ಮತ್ತು ಸಾಮರಸ್ಯ ಆಯೋಗ ಈಸ್ಟ್ ಲಂಡನ್ ಎಂಬ ಊರಿನಲ್ಲಿ ಬಹಿರಂಗ ವಿಚಾರಣೆ ಶುರು ಮಾಡಿತು. ಒಟ್ಟು 21,000ಕ್ಕೂ ಹೆಚ್ಚು ಜನ ಹೇಳಿಕೆ ಕೊಟ್ಟರು. ಅವರಲ್ಲಿ ಸುಮಾರು ಹತ್ತರಲ್ಲಿ ಒಬ್ಬರು ಮಾತ್ರ ಬಹಿರಂಗವಾಗಿ ಮಾತಾಡಿದರು. ಮಾತಾಡುವವರ ಪಕ್ಕದಲ್ಲಿ ಕೂರಲೆಂದೇ ತರಬೇತಿ ಪಡೆದವರಿದ್ದರು. ಮುಂಚೆಯೇ ಧೈರ್ಯ ಹೇಳುವುದು, ನಡುವೆ ಕೈಹಿಡಿಯುವುದು, ನೀರು ಕೊಡುವುದು, ಮುಗಿದ ಮೇಲೆ ಜೊತೆಗಿರುವುದು ಅವರ ಕೆಲಸ.

ಹೇಳಿಕೊಂಡವರಿಗೆ ನಿಜಕ್ಕೂ ಹಗುರವಾಯಿತಾ? 2001ರಲ್ಲಿ ಪ್ರಕಟವಾದ ಒಂದು ಅಧ್ಯಯನ 134 ಸಂತ್ರಸ್ತರನ್ನು ಪರೀಕ್ಷಿಸಿ ನೋಡಿತು. ಬಹಿರಂಗವಾಗಿ ಹೇಳಿದವರು, ಖಾಸಗಿಯಾಗಿ ಹೇಳಿದವರು, ಏನೂ ಹೇಳದವರು, ಈ ಮೂರೂ ಗುಂಪುಗಳ ಮಾನಸಿಕ ಆರೋಗ್ಯದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಗೌರವ ಸಿಕ್ಕಿರಬಹುದು, ಸತ್ಯ ಹೊರಬಂದಿರಬಹುದು, ಆದರೆ ಹೇಳಿದ್ದೇ ಔಷಧಿಯಾಗಲಿಲ್ಲ. ಬೇರೆ ಕಡೆಯ ಸಂಶೋಧನೆಗಳೂ ಇದಕ್ಕೆ ಹೊಂದುತ್ತವೆ. ದುರಂತ ಆದ ತಕ್ಷಣ ಒಂದೇ ಸಲ ಕೂರಿಸಿ ಎಲ್ಲ ಹೇಳಿಸುವ ಪದ್ಧತಿಯಿಂದ ಲಾಭವಿಲ್ಲ, ಕೆಲವರಿಗೆ ತೊಂದರೆ ಜಾಸ್ತಿಯೇ ಆಗಬಹುದು ಅಂತ ಕಂಡುಬಂದಿದೆ. ವಿಶ್ವ ಆರೋಗ್ಯ ಸಂಸ್ಥೆಯೂ ಅದನ್ನು ಶಿಫಾರಸು ಮಾಡುವುದಿಲ್ಲ.

ಹಾಗಾದರೆ ಹೇಗೆ ಕೇಳಬೇಕು? ಹಾಳುಬಿದ್ದ ಬಾವಿಗೆ ಇಳಿಯುವ ಕ್ರಮ ನೆನೆಸಿಕೊಳ್ಳಿ. ಮೊದಲು ದೀಪ ಇಳಿಬಿಟ್ಟು ಒಳಗೆ ಗಾಳಿ ಇದೆಯಾ ಅಂತ ನೋಡುತ್ತಾರೆ. ಇಳಿಯುವವನ ಸೊಂಟಕ್ಕೆ ಹಗ್ಗ ಕಟ್ಟಿ, ಮೇಲೆ ಇಬ್ಬರು ಹಿಡಿದಿರುತ್ತಾರೆ. ಅವನು ಹಗ್ಗ ಜಗ್ಗಿದರೆ ‘ಇನ್ನೊಂಚೂರು ಹೂಳು ತೆಗಿ’ ಅನ್ನುವುದಿಲ್ಲ, ಎಳೆದುಕೊಳ್ಳುತ್ತಾರೆ. ಮೇಲೆ ಬಂದವನನ್ನು ಕೂರಿಸಿ ಮಾತಾಡಿಸುತ್ತಾರೆ. ನೋವಿನ ನೆನಪು ಕೇಳುವವರೂ ಇದನ್ನೇ ಮಾಡುತ್ತಾರೆ. ಮುಂಚೆ ಒಂದು ಸಲ ಸುಮ್ನೆ ಭೇಟಿಯಾಗಿ, ಈ ವ್ಯಕ್ತಿ ಈಗ ಮಾತಾಡುವ ಸ್ಥಿತಿಯಲ್ಲಿ ಇದ್ದಾರಾ ಅಂತ ತಿಳಿದುಕೊಳ್ಳುತ್ತಾರೆ. ನಂಬಿಕೆಯವರೊಬ್ಬರನ್ನು ಹತ್ತಿರ ಇರಿಸುತ್ತಾರೆ. ಸಾಕು ಅಂದಾಗ ನಿಲ್ಲಿಸುತ್ತಾರೆ. ಮುಗಿಸುವಾಗ ಮಾತನ್ನು ಇವತ್ತಿನ ದಿನಕ್ಕೆ, ಮೊಮ್ಮಕ್ಕಳಿಗೆ, ಸಂಜೆಯ ಅಡುಗೆಗೆ ತಂದು ಬಿಡುತ್ತಾರೆ. ಕೆಲವು ದಿನ ಬಿಟ್ಟು ಮತ್ತೆ ಹೋಗಿ ವಿಚಾರಿಸುತ್ತಾರೆ.

ನೆನಪಿನ ಪೆಟ್ಟಿಗೆ

ಇಡೀ ವಿಷಯ ಅತ್ಯಂತ ಚೆನ್ನಾಗಿ ಅರ್ಥವಾಗುವುದು ಇಲ್ಲಿ. 1990ರ ದಶಕದ ಕೊನೆಗೆ ದಕ್ಷಿಣ ಆಫ್ರಿಕಾದಲ್ಲಿ ಏಡ್ಸ್ ಮನೆ ಮನೆಗೆ ನುಗ್ಗಿತ್ತು. ವೈರಸ್ ಹತೋಟಿಯಲ್ಲಿಡುವ ಔಷಧಿ ಅಲ್ಲಿನ ಸರ್ಕಾರಿ ಆಸ್ಪತ್ರೆಗಳಲ್ಲಿ ವ್ಯಾಪಕವಾಗಿ ಸಿಗಲು ಶುರುವಾದದ್ದು 2004ರಿಂದ. ಅಲ್ಲಿಯವರೆಗೆ ಸೋಂಕು ಬಂದ ಬಡವರಿಗೆ ಬದುಕುವ ಭರವಸೆ ಇರಲಿಲ್ಲ. ಅಮ್ಮ ಕಣ್ಣೆದುರೇ ಕರಗುತ್ತಿದ್ದರೂ ಮಕ್ಕಳಿಗೆ ಯಾರೂ ಏನೂ ಹೇಳುತ್ತಿರಲಿಲ್ಲ. ‘ಚಿಕ್ಕವರು, ಅವರಿಗೇನು ಗೊತ್ತಾಗುತ್ತೆ’ ಅನ್ನುವ ಮಾತು ಅಲ್ಲೂ ಇದೆ. ಒಂದು ದಿನ ಅಮ್ಮ ಇರುವುದಿಲ್ಲ. ಮಗು ಅಜ್ಜಿ ಮನೆಗೋ ಚಿಕ್ಕಮ್ಮನ ಮನೆಗೋ ಹೋಗುತ್ತದೆ. ಅಪ್ಪ ಯಾರು, ಅಮ್ಮ ಎಂಥವಳಿದ್ದಳು, ತನಗೆ ಈ ಹೆಸರು ಯಾಕೆ ಇಟ್ಟರು, ಕೇಳಲು ಯಾರೂ ಇರುವುದಿಲ್ಲ. ಜುಲು ಜನರಲ್ಲಿ ಕುಲದ ಹೆಸರು, ಅದರ ಹೊಗಳಿಕೆಯ ಸಾಲುಗಳು ಗೊತ್ತಿರುವುದು ಮುಖ್ಯ. ಹಿರಿಯರ ಪೂಜೆಗೆ, ಮನೆಯ ಶಾಸ್ತ್ರಗಳಿಗೆ ಅವು ಬೇಕೇ ಬೇಕು. ಅಮ್ಮನ ಜೊತೆ ಅದೂ ಹೋಯಿತು ಅಂದರೆ ಮಗುವಿಗೆ ಬೇರೇ ಕಡಿದಂತೆ.

ಉಗಾಂಡಾದಲ್ಲಿ ಎಚ್‌ಐವಿ ಇದ್ದ ತಾಯಂದಿರ ಸಂಘವೊಂದು 1990ರ ದಶಕದಲ್ಲೇ ‘ನೆನಪಿನ ಪುಸ್ತಕ’ ಬರೆಯಲು ಶುರು ಮಾಡಿತ್ತು. ತಾಯಿ ತನ್ನ ಕೈಯಾರೆ ಮಗುವಿಗಾಗಿ ತನ್ನ ಕಥೆ ಬರೆದಿಡುವುದು. ದಕ್ಷಿಣ ಆಫ್ರಿಕಾದ ಪೀಟರ್‌ಮಾರಿಟ್ಸ್‌ಬರ್ಗ್‌ನಲ್ಲಿ ಮೌಖಿಕ ಇತಿಹಾಸದ ಕೆಲಸ ಮಾಡುತ್ತಿದ್ದ ಸಿನೊಮ್ಲಾಂಡೊ ಕೇಂದ್ರ 2000ದಿಂದ ಇದನ್ನು ಬೇರೆ ರೀತಿಯಲ್ಲಿ ಬೆಳೆಸಿತು. ಇತಿಹಾಸಕಾರ ಫಿಲಿಪ್ ಡೆನಿಸ್ ಕಟ್ಟಿದ ಕೇಂದ್ರ ಅದು. ಇತಿಹಾಸ ಬರೆಯಲು ಟೇಪ್ ರೆಕಾರ್ಡರ್ ಹಿಡಿದು ಹೋದವರು ಅದೇ ಟೇಪ್ ರೆಕಾರ್ಡರನ್ನು ಒಂದು ಮನೆಯ ಮಕ್ಕಳಿಗಾಗಿ ಬಳಸಿದರು ಅನ್ನುವುದೇ ಇದರ ವಿಶೇಷ.

ಕೆಲಸ ಹೀಗೆ ನಡೆಯುತ್ತಿತ್ತು. ತರಬೇತಿ ಪಡೆದ ಸ್ಥಳೀಯರೊಬ್ಬರು ಕಾಯಿಲೆಯಾದ ತಾಯಿಯನ್ನೋ ಮಗುವನ್ನು ನೋಡಿಕೊಳ್ಳುವ ಅಜ್ಜಿಯನ್ನೋ ಭೇಟಿಯಾಗುತ್ತಾರೆ. ಏನು ಹೇಳಬಹುದು, ಯಾವುದು ಮಕ್ಕಳ ಎದುರು ಬೇಡ ಅಂತ ಮೊದಲೇ ಮಾತಾಗುತ್ತದೆ. ಆಮೇಲೆ ಅವರ ಮನೆಯಲ್ಲೇ, ಅವರ ಭಾಷೆಯಲ್ಲೇ ಕಥೆ ರೆಕಾರ್ಡ್ ಆಗುತ್ತದೆ. ಅದನ್ನು ಬರಹಕ್ಕೆ ಇಳಿಸಿ, ಓದುವ ಹಾಗೆ ಸರಿಪಡಿಸಿ, ಸಣ್ಣ ಪುಸ್ತಕ ಮಾಡಿ ಮನೆಗೇ ವಾಪಸ್ ಕೊಡುತ್ತಾರೆ. ಒಂದು ಪೆಟ್ಟಿಗೆಯಲ್ಲಿ ಆ ಪುಸ್ತಕ, ವಂಶವೃಕ್ಷ, ಫೋಟೋ, ಪತ್ರ, ಅಮ್ಮನಿಗೆ ಸೇರಿದ ಒಂದೆರಡು ಸಾಮಾನು. ಪೆಟ್ಟಿಗೆಯ ಹೊರಗೆ ಬಣ್ಣ ಹಚ್ಚುವವರು ಮಕ್ಕಳೇ.

ಇದು ಮನಸ್ಸಿಗೆ ಹೇಗೆ ನೆರವಾಗುತ್ತದೆ? ಮಗುವಿಗೆ ಒಂದು ಕಥೆ ಸಿಗುತ್ತದೆ, ಮೊದಲು, ನಡುವೆ, ಈಗ ಅಂತ ಕ್ರಮ ಇರುವ ಕಥೆ. ಅಮ್ಮ ಅಂದರೆ ಬರೀ ಹಾಸಿಗೆ ಹಿಡಿದವಳಲ್ಲ, ಶಾಲೆಯಲ್ಲಿ ಹಾಡುತ್ತಿದ್ದವಳು, ಅಪ್ಪನ ಜೊತೆ ಜಗಳವಾಡಿದವಳು ಅಂತ ಗೊತ್ತಾಗುತ್ತದೆ. ಅಮ್ಮ ಸತ್ತದ್ದು ತನ್ನ ತಪ್ಪಿನಿಂದ ಅಂತ ಒಳಗೊಳಗೇ ಅಂದುಕೊಂಡ ಮಕ್ಕಳಿಗೆ ಅದಲ್ಲ ಅಂತ ತಿಳಿಯುತ್ತದೆ. ಹೇಳುವ ತಾಯಿಗೂ ಮಕ್ಕಳಿಗಾಗಿ ಏನೋ ಉಳಿಸಿ ಹೋಗುತ್ತಿದ್ದೇನೆ ಅನ್ನುವ ಸಮಾಧಾನ.

ಕೇಪ್ ಟೌನ್ ಹತ್ತಿರದ ಖಾಯೆಲಿಟ್ಶಾದಲ್ಲಿ 2002ರಲ್ಲಿ ಎಚ್‌ಐವಿ ಇದ್ದ ಹೆಂಗಸರ ಗುಂಪೊಂದು ಇನ್ನೊಂದು ದಾರಿ ಹಿಡಿಯಿತು. ದೊಡ್ಡ ಕಾಗದದ ಮೇಲೆ ಮಲಗಿ, ತಮ್ಮ ಮೈಯ ಸುತ್ತ ಗೆರೆ ಎಳೆಸಿಕೊಂಡು, ಆ ಆಕಾರದೊಳಗೆ ಗಾಯದ ಗುರುತು, ವೈರಸ್, ಹೆರಿಗೆ, ಶಕ್ತಿ ಇರುವ ಜಾಗ ಎಲ್ಲವನ್ನೂ ಬಣ್ಣದಲ್ಲಿ ಬಿಡಿಸಿದರು. ಬಾಯಲ್ಲಿ ಬರದ ಮಾತು ಬಣ್ಣದಲ್ಲಿ ಬಂತು. ಜಿಂಬಾಬ್ವೆಯ ಮನಶ್ಶಾಸ್ತ್ರಜ್ಞೆ ನ್ಕಜೆಲೊ ನ್ಕುಬೆ ಅನಾಥ ಮಕ್ಕಳಿಗಾಗಿ ರೂಪಿಸಲು ನೆರವಾದ ‘ಬದುಕಿನ ಮರ’ ಕೂಡ ಇದೇ ಜಾತಿಯದು. ಮಗು ಒಂದು ಮರ ಬರೆಯುತ್ತದೆ. ಬೇರಿನ ಹತ್ತಿರ ತನ್ನ ಊರು, ಮನೆತನ. ಕಾಂಡದಲ್ಲಿ ತನಗೆ ಬರುವ ಕೆಲಸಗಳು. ಕೊಂಬೆಗಳಲ್ಲಿ ಆಸೆ. ಎಲೆಗಳಲ್ಲಿ ತನ್ನವರ ಹೆಸರು, ತೀರಿಕೊಂಡವರದೂ ಸೇರಿ. ಬಿರುಗಾಳಿಯ, ಅಂದರೆ ಬದುಕಿನ ಕಷ್ಟಗಳ ಮಾತು ಬರುವುದು ಮರ ಬರೆದು ಮುಗಿದ ಮೇಲೆ.

ಪೆಟ್ಟಿಗೆಯ ಬೀಗ ಯಾರ ಕೈಯಲ್ಲಿ?

1998ರ ಡಿಸೆಂಬರ್‌ನಲ್ಲಿ ಡರ್ಬನ್ ಪಕ್ಕದ ಕ್ವಾಮಾಶುವಿನಲ್ಲಿ ಗುಗು ಡ್ಲಾಮಿನಿ ಎಂಬ ಕಾರ್ಯಕರ್ತೆಯನ್ನು ಗುಂಪೊಂದು ಹೊಡೆದು ಕೊಂದಿತು. ತನಗೆ ಎಚ್‌ಐವಿ ಇದೆ ಅಂತ ಅವರು ಬಹಿರಂಗವಾಗಿ ಹೇಳಿದ್ದರು. ಅಂಥ ಕಡೆ ಒಂದು ಟೇಪ್ ತಪ್ಪು ಕೈಗೆ ಸಿಕ್ಕರೆ ಜೀವಕ್ಕೇ ಕುತ್ತು. ಹಾಗಾಗಿ ದಾಖಲೆ ಯಾರದು ಅನ್ನುವುದು ಕಾಗದದ ಮೇಲಿನ ಔಪಚಾರಿಕತೆ ಅಲ್ಲ.

ನಮ್ಮಲ್ಲಿ ಒಪ್ಪಿಗೆ ಅಂದರೆ ಶುರುವಿನಲ್ಲಿ ಒಂದು ಸಹಿ ಅಂದುಕೊಳ್ಳುತ್ತಾರೆ. ಆದರೆ ಹೇಳುವ ಮುಂಚೆ ತಾನು ಏನು ಹೇಳಿಬಿಡುತ್ತೇನೆ ಅಂತ ಹೇಳುವವರಿಗೇ ಗೊತ್ತಿರುವುದಿಲ್ಲ, ಅಲ್ವಾ? ಅದಕ್ಕೇ ರೆಕಾರ್ಡ್ ಆದ ಮೇಲೆ ಕೇಳಿಸಿ, ಓದಿ ಹೇಳಿ, ಇನ್ನೊಮ್ಮೆ ಕೇಳಬೇಕು. ಒಂದು ಭಾಗ ಎಲ್ಲರಿಗೂ, ಒಂದು ಭಾಗ ಮನೆಯವರಿಗೆ ಮಾತ್ರ, ಇನ್ನೊಂದು ಭಾಗ ನಾನು ಸತ್ತ ಮೇಲೆ ಅಂತ ಹೇಳುವ ಹಕ್ಕು ಅವರಿಗಿದೆ. ಮನಸ್ಸು ಬದಲಾದರೆ ವಾಪಸ್ ಪಡೆಯುವ ಹಕ್ಕೂ ಇದೆ. ಯೂಟ್ಯೂಬಿಗೆ ಹಾಕಿದ ಮೇಲೆ ಈ ಕೊನೆಯ ಹಕ್ಕು ಹೆಸರಿಗೆ ಮಾತ್ರ ಉಳಿಯುತ್ತದೆ. ಡೌನ್‌ಲೋಡ್ ಮಾಡಿಕೊಂಡವರಿಂದ ಯಾರು ವಾಪಸ್ ತರುತ್ತಾರೆ?

ಕೇಳಿಸಿಕೊಂಡವರ ಪಾಡು

ಸತ್ಯ ಆಯೋಗದ ವಿಚಾರಣೆಗಳಲ್ಲಿ ಅನುವಾದಕರು ಗಾಜಿನ ಕೋಣೆಗಳಲ್ಲಿ ಕೂತು ಹಲವು ಭಾಷೆಗಳ ಸಾಕ್ಷ್ಯವನ್ನು ಆಗಿಂದಾಗಲೇ ಅನುವಾದಿಸುತ್ತಿದ್ದರು. ನಿಯಮದ ಪ್ರಕಾರ ಅವರು ‘ಅವಳನ್ನು ಹೊಡೆದರು’ ಅನ್ನುವಂತಿಲ್ಲ, ‘ನನ್ನನ್ನು ಹೊಡೆದರು’ ಅಂತಲೇ ಹೇಳಬೇಕು. ದಿನವಿಡೀ ಬೇರೆಯವರ ಚಿತ್ರಹಿಂಸೆಯನ್ನು ‘ನಾನು’ ಅಂತ ಹೇಳಿದ ಅನೇಕರು ಒಳಗೇ ಕುಸಿದರು. ಇನ್ನೊಬ್ಬರ ಆಘಾತ ಕೇಳಿ ಕೇಳಿ ಕೇಳುಗರಿಗೇ ನಿದ್ದೆಗೆಡುವುದು, ಸಿಡುಕು, ಮರಗಟ್ಟಿದ ಭಾವ ಬರುವುದುಂಟು. ಟೇಪ್ ಕೇಳಿ ಬರೆಯುವವರು ಒಂದೇ ವಾಕ್ಯವನ್ನು ಹತ್ತು ಸಲ ಹಿಂದಕ್ಕೆ ತಿರುಗಿಸಿ ಕೇಳುತ್ತಾರೆ. ಅವರ ಬಗ್ಗೆ ಯಾರೂ ಯೋಚಿಸುವುದೇ ಇಲ್ಲ. ಕಠಿಣ ರೆಕಾರ್ಡಿಂಗ್‌ಗಳನ್ನು ಒಬ್ಬರಿಗೇ ಹೊರಿಸದೆ ಹಂಚುವುದು, ದಿನಕ್ಕೆ ಇಷ್ಟೇ ಅಂತ ಮಿತಿ ಇಡುವುದು, ವಾರಕ್ಕೊಮ್ಮೆ ಕೂತು ಮಾತಾಡುವುದು ದೊಡ್ಡ ಖರ್ಚಿನ ಕೆಲಸಗಳೇನಲ್ಲ.

ನಮ್ಮ ಸಿದ್ದಿಗಳ ಮನೆ ಬಾಗಿಲಲ್ಲಿ

ಆಫ್ರಿಕಾದ ಪರಂಪರೆ ಕರ್ನಾಟಕದಲ್ಲೂ ಇದೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡ, ಜೋಯಿಡಾ, ಧಾರವಾಡದ ಕಲಘಟಗಿ, ಬೆಳಗಾವಿಯ ಖಾನಾಪುರ ಕಡೆಯ ಸಿದ್ದಿಗಳು. ಬಿಜಾಪುರದ ಆದಿಲ್‌ಶಾಹಿ ದರ್ಬಾರಿನಲ್ಲಿ 17ನೇ ಶತಮಾನದಲ್ಲಿ ಇಖ್ಲಾಸ್ ಖಾನ್ ಎಂಬ ಆಫ್ರಿಕಾ ಮೂಲದವನು ದೊಡ್ಡ ಮಂತ್ರಿಯೇ ಆಗಿದ್ದ. ಆದರೆ ಕಾಡಿನ ಸಿದ್ದಿಗಳಲ್ಲಿ ಬಹಳಷ್ಟು ಜನರ ಹಿರಿಯರು ಪೋರ್ಚುಗೀಸರ ಗೋವಾಕ್ಕೆ ಗುಲಾಮರಾಗಿ ಬಂದು, ಅಲ್ಲಿಂದ ತಪ್ಪಿಸಿಕೊಂಡೋ ಬಿಡುಗಡೆಯಾಗಿಯೋ ಘಟ್ಟ ಹತ್ತಿದವರು. ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದು 2003ರಲ್ಲಿ. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ಬಂದರು.

ಸಿದ್ದಿ ಹೆಂಗಸರು ಮನೆಯವರ ಹಳೆಯ ಸೀರೆ, ಅಂಗಿಗಳ ತುಂಡು ಸೇರಿಸಿ ಅಂಚಿನಿಂದ ನಡುವಿಗೆ ಹೊಲಿಯುತ್ತ ಹೋಗುವ ಕೌದಿಯೂ ಒಂದು ದಾಖಲೆಯೇ. ಡಮಾಮಿ ಕುಣಿತವೂ ಅಷ್ಟೇ. ಕ್ಯಾಮೆರಾ ಹಿಡಿದು ಹೋಗುವವರು ಮೊದಲು ಕೇಳುವುದು ಕುಣಿತ, ಎರಡನೆಯದು ‘ನಿಮ್ಮ ಮೂಲ ಎಲ್ಲಿ?’ ಸ್ವಂತ ನಾಡಿನಲ್ಲೇ ‘ನೀವು ಯಾವ ದೇಶದವರು’ ಅಂತ ಕೇಳಿಸಿಕೊಂಡು ಸಾಕಾದವರಿಗೆ ಅದು ಮುಗ್ಧ ಪ್ರಶ್ನೆಯಾಗಿ ಕೇಳಿಸುವುದಿಲ್ಲ. ಅದರಲ್ಲೂ ಗುಲಾಮಗಿರಿ ಊರು, ಹೆಸರು, ಭಾಷೆ ಎಲ್ಲ ಅಳಿಸಿದ ಮೇಲೆ ಉತ್ತರ ಎಲ್ಲಿಂದ ತರಬೇಕು? ಈ ಕೌದಿಯ ತುಂಡು ಯಾರ ಸೀರೆಯದು ಅಂತ ಕೇಳಿದರೆ ಮಾತು ಬೇರೆ ದಾರಿಯಲ್ಲಿ ಹೋಗುತ್ತದೆ. ಸಿದ್ದಿ ಯುವಕರೇ ರೆಕಾರ್ಡರ್ ಹಿಡಿದರೆ ಇನ್ನೂ ಬೇರೆ.

ತೊಂದರೆ ಕಂಡರೆ ಎಲ್ಲಿ ಕೇಳಬೇಕು

ರೆಕಾರ್ಡಿಂಗ್ ಆಗಿ ಕೆಲವು ವಾರ ಕಳೆದರೂ ಹಿರಿಯರು ಊಟ ನಿದ್ದೆ ಬಿಟ್ಟಿದ್ದರೆ, ಬೆಚ್ಚಿಬೀಳುತ್ತಿದ್ದರೆ, ಬದುಕೇ ಬೇಡ ಅನ್ನುತ್ತಿದ್ದರೆ ಅದು ಆರ್ಕೈವ್ ಮಾಡುವವರು ಸರಿಪಡಿಸುವ ವಿಷಯ ಅಲ್ಲ. ಬದುಕು ಬೇಡ ಅನ್ನುವ ಮಾತು ಬಂದರಂತೂ ವಾರಗಟ್ಟಲೆ ಕಾಯುವುದೇ ಬೇಡ. ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯರು ಸಿಗುತ್ತಾರೆ. ಕೇಂದ್ರ ಸರ್ಕಾರದ ಟೆಲಿ ಮನಸ್ ಸಹಾಯವಾಣಿ 2022ರ ಅಕ್ಟೋಬರ್‌ನಿಂದ ಇದೆ. ನಂಬರ್ 14416. ಫೋನ್ ಮಾಡಲು ದುಡ್ಡಿಲ್ಲ, 24 ಗಂಟೆಯೂ ಇರುತ್ತದೆ, ಕನ್ನಡದಲ್ಲಿ ಮಾತಾಡಬಹುದು. ಕಥೆ ಹೇಳಿದವರಷ್ಟೇ ಅಲ್ಲ, ಅದನ್ನು ಕೇಳಿ ಬರೆದುಕೊಂಡವರೂ ಕರೆ ಮಾಡಬಹುದು.